ತಿಪ್ಪವ್ವನ ಕೇಸು ಗೆದ್ದ ಮೇಲೆ

ಮಾವಿನಹಕ್ಕಲ, ತಾ. ಹಿರೇಕೆರೂರ
೧೮ ಜುಲೈ ೧೯೭೭

ಪ್ರೀತಿಯ ಗೋಪಿ,

ಧಾರವಾಡದ ಹಾಸ್ಟೆಲ್ಲಿನಲ್ಲಿ ನೀನು ಕಾಯಿದೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವಾಗ ನಾನು ಕಿವಿಗೆ ಅರಳೆ ಇಟ್ಟುಕೊಂಡು ಬಿ.ಎಡ್. ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಈಗ ಆ ಕಾಯಿದೆಯದೇ ಕೆಲಸ ಬಿದ್ದಿದೆ.

ನಮ್ಮ ಹೈಸ್ಕೂಲಿನ ಹತ್ತನೇ ತರಗತಿಯಲ್ಲಿ ತಿಪ್ಪವ್ವ ಎಂಬ ಹುಡುಗಿ ಇದ್ದಾಳೆ. ತಡವಾಗಿ ಶಾಲೆಗೆ ಸೇರಿದವಳು, ಹದಿನೇಳು ತುಂಬಿದೆ. ಕಳೆದ ಬೇಸಿಗೆಯಲ್ಲಿ ಮದುವೆಯಾಯಿತು. ಗಂಡ ಗುದ್ಲೆಪ್ಪ ಹಾನಗಲ್ಲ ಕಡೆಯ ರೈತ. ಪರೀಕ್ಷೆ ಮುಗಿಯುವವರೆಗೆ ತವರಿನಲ್ಲೇ ಇದ್ದು ಓದಲಿ ಎಂದು ಅವನೇ ಬಿಟ್ಟುಹೋಗಿದ್ದಾನೆ. ಆದರೆ ಜೂನಿನಲ್ಲಿ ಶಾಲೆ ಶುರುವಾದಾಗ ಹೆಡ್‌ಮಾಸ್ತರರು ಅವಳನ್ನು ಬಾಗಿಲಲ್ಲೇ ನಿಲ್ಲಿಸಿದರು. ಮರುದಿನ ಚೇರ್ಮನ್ನರು ಬಂದು ನಮ್ಮನ್ನೆಲ್ಲ ಕೂಡಿಸಿ ಹೇಳಿದರು:

"ತಾಳಿ ಕಟ್ಟಿಸ್ಕೊಂಡಾಕಿ ಉಳಿದ ಹುಡಿಗ್ಯಾರ ಜೋಡಿ ಕುಂತು ಏನೇನ್ ಕಲಿಸ್ತಾಳೋ ಏನೋ. ಸಾಲಿ ಕೆಡತೈತಿ. ಹೆಸರು ತಗೀರಿ."

"ಹಂಗ ತಗ್ಯಾಕ ಕಾನೂನು ಐತೇನ್ರಿ?" ಎಂದು ನಾನು ಕೇಳಿದೆ.

"ಈ ಸಾಲಿ ಕಟ್ಟಿದಾವ್ರು ನಾವು. ಕಾನೂನೂ ನಾವ," ಅಂದರು.

ಈಗ ತಿಪ್ಪವ್ವ ದಿನಾ ಶಾಲೆಯ ಹೊತ್ತಿಗೆ ಬಂದು ಕಂಪೌಂಡಿನ ಹೊರಗೆ ನಿಲ್ಲುತ್ತಾಳೆ. ಅವಳಿಗೂ ಕೇಳಲಿ ಎಂದು ನಾನು ದನಿ ಏರಿಸಿ ಪಾಠ ಹೇಳುತ್ತೇನೆ. ಮಳೆ ಬಂದರೆ ಹೋಗಿಬಿಡುತ್ತಾಳೆ. ಹೀಗೆ ಎಷ್ಟು ದಿನ ನಡೆದೀತು? ಏನಾದರೂ ಮಾಡಲಿಕ್ಕಾದರೆ ತಿಳಿಸು.

ನಿನ್ನ
ಗುತ್ತೆವ್ವ


ಧಾರವಾಡ
೧ ಆಗಸ್ಟ್ ೧೯೭೭

ಗುತ್ತಿ,

ನಿನ್ನ ಪತ್ರವನ್ನು ಸೀನಿಯರ್ ಅವರ ಮೇಜಿನ ಮೇಲೆ ಇಟ್ಟು, ಈ ಕೇಸನ್ನು ನಾನೇ ನಡೆಸುತ್ತೇನೆ ಎಂದೆ. ಆಫೀಸಿಗೆ ಸೇರಿ ಎರಡು ವರ್ಷವಾಯಿತು. ಬರೀ ಹೊಲದ ಬದುವಿನ ಜಗಳ, ಬಾಡಿಗೆಯ ತಕರಾರು. ಇದಕ್ಕಾಗಿ ನಾನು ಕರಿ ಕೋಟು ಹಾಕಿದ್ದಲ್ಲ.

ನನ್ನ ಅವ್ವನ ಕಥೆ ನಿನಗೆ ಗೊತ್ತಿದೆ. ಶಾಲೆಯ ನಾಲ್ಕನೇ ಇಯತ್ತೆಯಿಂದ ಅವಳನ್ನು ಎಬ್ಬಿಸಿಕೊಂಡು ಬಂದು ಹಸೆಮಣೆ ಏರಿಸಿದರು. ಮನೆ ತುಂಬ ಗ್ರಂಥಗಳು, ಮಠದ ಪಂಡಿತರು ಬಂದು ವಾದ ಮಾಡುವ ಪಡಸಾಲೆ. ಆ ಪಡಸಾಲೆಗೆ ಅವಳು ಕಾಲಿಟ್ಟದ್ದು ನೀರು ಕೊಡಲಿಕ್ಕೆ ಮಾತ್ರ. ಸವಣೂರ, ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರ, ಈ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬ ಹುಡುಗಿಗೆ ಹಾಗಾಗಬಾರದು ಎಂದೇ ನಾನು ವಕೀಲಳಾದೆ.

ಮದುವೆಯಾದ ಹುಡುಗಿಯ ಹೆಸರು ತೆಗೆಯಬೇಕೆಂದು ಯಾವ ನಿಯಮವೂ ಇಲ್ಲ. ಹಿರೇಕೆರೂರ ಕೋರ್ಟಿನಲ್ಲೇ ದಾವೆ ಹಾಕೋಣ. ಚೇರ್ಮನ್ನರು ಆ ಮಾತು ಆಡಿದ್ದನ್ನು ಕೇಳಿದವರು ಒಬ್ಬರು ಸಾಕ್ಷಿ ಬೇಕು. ನೀನೇ ಹೇಳಬೇಕು. ನಿನ್ನ ಕೆಲಸದ ಬಗ್ಗೆ ಹೆದರಬೇಡ. ಖಾಸಗಿ ಶಾಲೆಗಳವರನ್ನು ಅಂಕೆಯಲ್ಲಿಡಲು ಈಗ ಕಾಯಿದೆ ಬಂದಿದೆ. ಗಂಡನ ಬಗ್ಗೆ ಬರೆದಿದ್ದೀಯ, ಅದು ಕೇಸಿಗೆ ಅಷ್ಟು ಮುಖ್ಯವಲ್ಲ.

ಬೇಗ ಬರೆ.
ಗೋಪಿಕಾ


ಮಾವಿನಹಕ್ಕಲ
೨೫ ಆಗಸ್ಟ್ ೧೯೭೭

ಪ್ರೀತಿಯ ಗೋಪಿ,

ಸಾಕ್ಷಿ ಹೇಳುತ್ತೇನೆ.

ಹೆಡ್‌ಮಾಸ್ತರರು ಕರೆದು ಏನೋ ಅಂದರು, ಬಿಡು. ಅಪ್ಪನಿಗೆ ಹೇಳಿದೆ. ಎತ್ತಿಗೆ ನೀರು ಕುಡಿಸುತ್ತಿದ್ದವನು ತಿರುಗಿ ನೋಡದೆಯೇ, "ಕೇಳಿದ್ದನ್ನ ಕೇಳೇನಿ ಅನ್ನಾಕ ಯಾರ ಅಪ್ಪಣಿ ಬೇಕವ್ವಾ?" ಅಂದ. ನನ್ನಪ್ಪ ಕರಬಸಪ್ಪ ಹೆಚ್ಚು ಮಾತಿನವನಲ್ಲ, ನಿನಗೆ ಗೊತ್ತು. ಅವತ್ತು ಅಷ್ಟು ಮಾತಾಡಿದ್ದೇ ದೊಡ್ಡದು.

ತಿಪ್ಪವ್ವನಿಗೆ ಕೋರ್ಟೆಂದರೆ ಹೆದರಿಕೆ. ಗುದ್ಲೆಪ್ಪ ಬಂದು ಧೈರ್ಯ ಹೇಳಿ ಹೋದ. ನೀನು ಬಂದಾಗ ಅವನನ್ನೂ ಒಮ್ಮೆ ಮಾತಾಡಿಸು.

ಗುತ್ತೆವ್ವ


ಧಾರವಾಡ
೨೨ ನವೆಂಬರ್ ೧೯೭೭

ಗುತ್ತಿ, ಗುತ್ತಿ,

ಗೆದ್ದೆವು! ಆದೇಶ ಓದುವಾಗ ಚೇರ್ಮನ್ನರ ಮುಖ ನೋಡಿದೆಯಾ? ಕೂಡಲೇ ಅವಳನ್ನು ತರಗತಿಯಲ್ಲಿ ಕೂಡಿಸಬೇಕು, ಪರೀಕ್ಷೆಗೆ ಕಳಿಸಬೇಕು. ಇನ್ನು ಯಾವ ಶಾಲೆಯವರೂ ಇಂಥ ಠರಾವು ಮಾಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಬಸ್ಸಿಗೆ ಓಡಬೇಕಾಗಿದ್ದರಿಂದ ನಿನ್ನ ಜೊತೆ ನಾಲ್ಕು ಮಾತು ಆಡಲಾಗಲಿಲ್ಲ. ಪತ್ರಿಕೆಯ ತುಣುಕು ಇದರೊಳಗೆ ಇಟ್ಟಿದ್ದೇನೆ. ನನ್ನ ವಾದದ ಎರಡು ಸಾಲನ್ನು ಚೌಕಟ್ಟು ಕಟ್ಟಿ ಹಾಕಿದ್ದಾರೆ: "ಅಕ್ಷರದ ಗಂಧವಿಲ್ಲದವನ ಕೈಗೆ ಈ ಮಗುವನ್ನು ಒಪ್ಪಿಸಲಾಗಿದೆ. ಆ ಮನೆಯ ಕತ್ತಲೆಗೆ ಹೋಗುವ ಮುನ್ನ ಇವಳಿಗೆ ಉಳಿದಿರುವ ಬೆಳಕು ಶಾಲೆಯೊಂದೇ." ತಿಪ್ಪವ್ವ ತಲೆ ಎತ್ತಲೇ ಇಲ್ಲ, ಪಾಪ, ಅಷ್ಟು ಜನರ ಮುಂದೆ ನಾಚಿಕೆ.

ಇನ್ನೊಂದು ಸುದ್ದಿ. ಈ ವರದಿ ಓದಿದ ಬೆಂಗಳೂರಿನ ದೊಡ್ಡ ವಕೀಲರೊಬ್ಬರು ನನ್ನ ಬಗ್ಗೆ ಸೀನಿಯರ್ ಹತ್ತಿರ ವಿಚಾರಿಸಿದರಂತೆ. ಹೈಕೋರ್ಟು, ಗುತ್ತಿ! ಅಲ್ಲಿ ಒಂದು ಕೇಸು ಗೆದ್ದರೆ ಇಡೀ ರಾಜ್ಯಕ್ಕೆ ನ್ಯಾಯ ಸಿಕ್ಕ ಹಾಗೆ.

ಗೋಪಿಕಾ


ಮಾವಿನಹಕ್ಕಲ
೯ ಜುಲೈ ೧೯೭೮

ಪ್ರೀತಿಯ ಗೋಪಿ,

ತಿಪ್ಪವ್ವ ಪಾಸಾದಳು, ಎರಡನೇ ದರ್ಜೆ. ನಿನಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಬೆಂಗಳೂರಿನ ಹವೆ ಒಗ್ಗಿತೇ? ಇಲ್ಲಿ ಎಲ್ಲ ನಡೆದಿದೆ. ಹುಡುಗಿಯರು ಬರುತ್ತಾರೆ, ಪಾಠ ಹೇಳುತ್ತೇನೆ. ಅಪ್ಪ ಆರಾಮಿದ್ದಾನೆ. ಇನ್ನು ಮುಂದೆ ಶಾಲೆಯ ವಿಳಾಸಕ್ಕೆ ಬರೆಯಬೇಡ, ಮನೆಯ ವಿಳಾಸಕ್ಕೆ ಬರೆ. ಟಪಾಲು ಮನೆಗೇ ಬೇಗ ಬರುತ್ತದೆ.

ಗುತ್ತೆವ್ವ


ಬೆಂಗಳೂರು
೬ ಜನವರಿ ೧೯೮೦

ಗುತ್ತಿ,

ಒಂದೂವರೆ ವರ್ಷದಲ್ಲಿ ನನ್ನ ಎರಡು ಪತ್ರಕ್ಕೆ ನಿನ್ನಿಂದ ಒಂದು ಕಾರ್ಡೂ ಇಲ್ಲ. ಮಕ್ಕಳ ನಡುವೆ ಕುಳಿತು ಗೆಳತಿಯನ್ನು ಮರೆತೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ನಿನ್ನ ನೆಮ್ಮದಿಯ ಬಗ್ಗೆ ನನಗೆ ಹೊಟ್ಟೆಕಿಚ್ಚು.

ನಾನಂತೂ ಓಡುತ್ತಿದ್ದೇನೆ. ನಮ್ಮ ಆಫೀಸಿನದು ಈಗ ಪೂರ್ತಿ ಶಿಕ್ಷಣದ ಕೇಸುಗಳೇ. ರಾಜ್ಯದ ಯಾವ ಮೂಲೆಯ ಶಾಲೆಯ ತಕರಾರಿದ್ದರೂ ನಮ್ಮ ಬಾಗಿಲಿಗೆ ಬರುತ್ತದೆ. ದೂರದ ಜಿಲ್ಲಾ ಕೋರ್ಟುಗಳಿಗೆ ನನ್ನನ್ನೇ ಕಳಿಸುತ್ತಾರೆ. ಕೆಲವು ಕೇಸು ಮನಸ್ಸಿಗೆ ಒಗ್ಗುವುದಿಲ್ಲ, ಆದರೆ ಕಲಿಯುವ ಕಾಲದಲ್ಲಿ ಆರಿಸಿಕೊಳ್ಳಲು ಆಗುವುದಿಲ್ಲವಲ್ಲ.

ಹೋದ ತಿಂಗಳು ಇಲ್ಲಿಯ ಮಹಿಳಾ ಸಮಾಜದಲ್ಲಿ ತಿಪ್ಪವ್ವನ ಕೇಸಿನ ಬಗ್ಗೆ ಮಾತಾಡಿದೆ. ಕಂಪೌಂಡಿನ ಹೊರಗೆ ನಿಂತು ಪಾಠ ಕೇಳಿದ್ದನ್ನು ಹೇಳಿದಾಗ ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡರು. ಅವಳು ಈಗ ಏನು ಮಾಡುತ್ತಾಳೆ? ಗಂಡನ ಮನೆಯವರು ಮುಂದೆ ಓದಿಸಿರಲಿಕ್ಕಿಲ್ಲ. ಗೊತ್ತಿದ್ದದ್ದೇ.

ಗೋಪಿಕಾ


ಮಾವಿನಹಕ್ಕಲ
೧೧ ಆಗಸ್ಟ್ ೧೯೮೧

ಪ್ರೀತಿಯ ಗೋಪಿ,

ನಿನಗೆ ಉತ್ತರ ಬರೆಯಲು ಕುಳಿತು ಎಷ್ಟೋ ಸಲ ಎದ್ದಿದ್ದೇನೆ. ಬರೆಯುವಂಥದು ಇರಲಿಲ್ಲವೆಂದಲ್ಲ.

ತಿಪ್ಪವ್ವ ಇಲ್ಲೇ ಇದ್ದಾಳೆ, ಬಾಲವಾಡಿ ನಡೆಸುತ್ತಾಳೆ.

ಈಗ ಬರೆಯಲು ಕಾರಣ ಬೇರೆ. ಸವಣೂರ ತಾಲೂಕಿನ ಹತ್ತಿಮತ್ತೂರ ಕಡೆಯ ಒಬ್ಬ ಶಿಕ್ಷಕಿ ಯಾರಿಂದಲೋ ಕೇಳಿಕೊಂಡು ನನ್ನನ್ನು ಹುಡುಕುತ್ತ ಬಂದಿದ್ದಳು. ಹೆರಿಗೆಗೆ ತವರಿಗೆ ಹೋಗಿ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಕಾರ್ಯದರ್ಶಿಯ ಸೊಸೆ ಕುಳಿತಿದ್ದಾಳೆ. ತಾನಾಗಿಯೇ ಕೆಲಸ ಬಿಟ್ಟುಹೋದಳು ಎಂದು ಬರೆದುಬಿಟ್ಟಿದ್ದಾರೆ. ಧಾರವಾಡದ ಒಬ್ಬ ಹೊಸ ವಕೀಲರು ಅಪೀಲು ಹಾಕಿಕೊಟ್ಟಿದ್ದಾರೆ, ಆದರೆ ಅವರಿಗೆ ಶಾಲೆಯ ಕೇಸುಗಳು ಗೊತ್ತಿಲ್ಲ. ಹುಡುಗಿ ಅಳುತ್ತಿದ್ದಳು. "ಅಳಬ್ಯಾಡ. ನನ್ನ ಗೆಳತಿ ಬೆಂಗಳೂರಾಗ ಅದಾಳ. ನಿಮ್ಮಂಥಾವ್ರ ಪರ ನಿಲ್ಲೂದ ಆಕಿ ಕೆಲಸ," ಎಂದು ಹೇಳಿ ಕಳಿಸಿದ್ದೇನೆ.

ಒಮ್ಮೆ ಬಂದು ಅವಳ ಪರವಾಗಿ ನಿಲ್ಲುತ್ತೀಯಾ?

ಗುತ್ತೆವ್ವ


ಬೆಂಗಳೂರು
೧೯ ಸೆಪ್ಟೆಂಬರ್ ೧೯೮೧

ಗುತ್ತಿ,

ಅವಸರದಲ್ಲಿ ನಾಲ್ಕು ಸಾಲು. ಧಾರವಾಡದ ಕೇಸಿಗೆ ಅಲ್ಲಿಯ ವಕೀಲರೇ ಸಾಕು, ಕಾಯಿದೆ ಸ್ಪಷ್ಟವಿದೆ. ನನಗೆ ಡಿಸೆಂಬರ್ ತನಕ ಉಸಿರಾಡಲು ಪುರುಸೊತ್ತಿಲ್ಲ. ಹೈಕೋರ್ಟಿಗೆ ಬಂದರೆ ಖಂಡಿತ ನೋಡೋಣ ಎಂದು ಆ ಹುಡುಗಿಗೆ ಹೇಳು.

ನಿನ್ನ ಶಾಲೆ ಹೇಗಿದೆ? ನೀನೀಗ ಹಿರಿಯ ಶಿಕ್ಷಕಿ ಆಗಿರಬೇಕು.

ಗೋಪಿಕಾ


ಮಾವಿನಹಕ್ಕಲ
೧೩ ಮಾರ್ಚ್ ೧೯೮೨

ಗೋಪಿಕಾ,

ಮೊನ್ನೆ ಬುಧವಾರ ಧಾರವಾಡದ ಕೋರ್ಟಿನಲ್ಲಿ ನಾನೂ ಇದ್ದೆ.

ಹತ್ತಿಮತ್ತೂರ ಕಡೆಯ ಶಿಕ್ಷಕಿ ಎಂದು ಬರೆದಿದ್ದೆನಲ್ಲ, ಅವಳ ಹೆಸರು ಸಿದ್ದವ್ವ. ಹೆಸರನ್ನು ನೀನು ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಅವಳ ಜೊತೆ ಬರುವವರು ಯಾರೂ ಇಲ್ಲವೆಂದು ಕೂಸನ್ನು ಹಿಡಿದುಕೊಳ್ಳಲು ನಾನು ಹೋಗಿದ್ದೆ. ಶಾಲೆಯವರ ಕಡೆಗೆ ಬೆಂಗಳೂರಿನಿಂದ ವಕೀಲರು ಬಂದಿದ್ದಾರೆ ಎಂದರು. ನನಗೆ ಕಂಡದ್ದು ಬೆನ್ನು ಮಾತ್ರ. ಆದರೆ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಆ ದನಿ ಕೇಳಿದವಳು ನಾನು.

"ರಜಾ ಅರ್ಜಿ ಬರದು ಕೊಟ್ರೋ ಇಲ್ಲೋ?" ಎಂದು ನೀನು ಕೇಳಿದೆ.

"ಹೆಡ್‌ಮಾಸ್ತರಿಗೆ ಬಾಯಿಲೆ ಹೇಳಿದ್ನಿರಿ. 'ಹೋಗಿ ಬಾ ತಂಗಿ, ಆರಾಮಾಗಿ ಬಾ' ಅಂದ್ರು."

"ನಾ ಕೇಳಿದ್ದು ಅದಲ್ಲ. ಅರ್ಜಿ ಕೊಟ್ರೋ ಇಲ್ಲೋ, ಅಷ್ಟ ಹೇಳ್ರಿ."

"ಇಲ್ರಿ."

"ಆತು."

ಅಷ್ಟರಲ್ಲಿ ಕೂಸು ಅಳತೊಡಗಿತು. ನೀನು ತಿರುಗದೆಯೇ ಬಾಗಿಲು ಕಾಯುವ ಪಟ್ಟೇವಾಲಾನಿಗೆ, "ಆ ಕೂಸನ್ನ ಹೊರಗ ಒಯ್ಯಲಿಕ್ಕೆ ಹೇಳ್ರಿ," ಅಂದೆ. ಒಯ್ದವಳು ನಾನು.

ವಾಪಸು ಬರುವಾಗ ಬಸ್ಸಿನಲ್ಲಿ ಸಿದ್ದವ್ವ ಕೇಳಿದಳು: "ಅಕ್ಕಾರ, ನಿಮ್ಮ ಗೆಳತಿ ಬೆಂಗಳೂರಾಗ ಅದಾರ ಅಂದಿದ್ರಲ್ಲ, ಅವರಿಗೆ ಇನ್ನೊಮ್ಮೆ ಒಂದು ಕಾಗದ ಬರೀತೀರೇನು?" ಅವಳಿಗೆ ಗೊತ್ತಿಲ್ಲ. ಬರೀತೇನಿ ಅಂದೆ. ಬರೆಯುತ್ತಿದ್ದೇನೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಏನು ಮಾಡಲಿ?

ನಾನು ಶಾಲೆಯಲ್ಲಿಲ್ಲ. ಎಪ್ಪತ್ತೆಂಟರ ಜೂನಿನಲ್ಲೇ ತೆಗೆದರು. ಮಕ್ಕಳು ಕಡಿಮೆಯಾದರು, ಒಬ್ಬ ಶಿಕ್ಷಕಿ ಹೆಚ್ಚಾದಳು ಎಂದು ಕಾರಣ ಕೊಟ್ಟರು. ಸಾಕ್ಷಿಗೆ ಮೊದಲೇ ಹೆಡ್‌ಮಾಸ್ತರರು, "ಅಕ್ಕಾರ, ನೀವು ಕೋರ್ಟಿಗೆ ಹ್ವಾದ್ರ ನಿಮ್ಮನ್ನ ಉಳಸೂದು ನನ್ನ ಕೈಯಾಗಿಲ್ಲ," ಎಂದು ತಿಳಿಸಿ ಹೇಳಿದ್ದರು. ತಿಳಿದೇ ಹೋದೆ. ಅದಕ್ಕಾಗಿ ನಿನ್ನನ್ನು ದೂರುವುದಿಲ್ಲ. ಈಗ ಮನೆಯ ಕಟ್ಟೆಯ ಮೇಲೆ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಬಿತ್ತನೆ, ಕಳೆಯ ದಿನಗಳಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತೇನೆ.

ದೂರುವುದು ಇನ್ನೊಂದಕ್ಕೆ. ಹಿರೇಕೆರೂರ ಕೋರ್ಟಿನಲ್ಲಿ ನೀನು ವಾದ ಮಾಡುವಾಗ ಗುದ್ಲೆಪ್ಪ ಹಿಂದಿನ ಬಾಕಿನ ಮೇಲೆ ಕುಳಿತಿದ್ದ. ಅವನನ್ನು ಮಾತಾಡಿಸು ಎಂದು ಬರೆದಿದ್ದೆ. ಏಳನೇ ತರಗತಿ ಓದಿದವನು. ಇವಳು ಕೋರ್ಟಿಗೆ ಹೋಗಲಿ ಎಂದು ಮನೆಯವರ ಜೊತೆ ಜಗಳಾಡಿದವನು. ಅವನಿಗೆ ಅಕ್ಷರದ ಗಂಧವಿಲ್ಲ, ಅವನ ಮನೆ ಕತ್ತಲೆ ಎಂದು ನೀನು ಹೇಳಿದೆ. ಪತ್ರಿಕೆಯಲ್ಲಿ ಬಂತು. ಹಾನಗಲ್ಲ ಸಂತೆಯಲ್ಲಿ ಜನ ಅವನನ್ನು ನಿಲ್ಲಿಸಿ ಓದಿ ತೋರಿಸಿದರು. ತಿಪ್ಪವ್ವನ ಪರೀಕ್ಷೆ ಮುಗಿದ ಮರುವಾರ ಅವಳ ಟ್ರಂಕು ತಂದು ತವರಿನ ಕಟ್ಟೆಯ ಮೇಲೆ ಇಟ್ಟ. "ನಿನ್ನ ಕರಕೊಂಡು ಹೋಗಾಕ ನಾ ಯೋಗ್ಯ ಅಲ್ಲಂತ ಜಡ್ಜ್ ಸಾಹೇಬ್ರ ಮುಂದ ಹೇಳ್ಯಾರ. ನೀನೂ ಅಲ್ಲ ಅನ್ನಲಿಲ್ಲ," ಅಂದು ಹೋದ. ಮತ್ತೆ ಬರಲಿಲ್ಲ. ಎಂಬತ್ತರಲ್ಲಿ ಅವನ ಮನೆಯವರು ಇನ್ನೊಂದು ಮದುವೆ ಮಾಡಿದರು.

ಕೋರ್ಟಿನಲ್ಲಿ ಅವಳು ತಲೆ ಎತ್ತದೆ ಕುಳಿತದ್ದು ನಾಚಿಕೆಯಿಂದಲ್ಲ, ಗೋಪಿಕಾ.

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳುತ್ತೀಯ. ಹೇಳಿದ್ದರೆ ನೀನು ಓಡಿ ಬಂದು ನನಗಾಗಿ ಇನ್ನೊಂದು ಕೇಸು ಹಾಕುತ್ತಿದ್ದೆ. ಆ ಕೇಸಿನಲ್ಲಿ ನನ್ನ ಬಗ್ಗೆ, ನನ್ನ ಅಪ್ಪನ ಬಗ್ಗೆ ಏನು ಹೇಳುತ್ತಿದ್ದೆಯೋ ಎಂದು ನನಗೆ ಭಯವಿತ್ತು.

ಗುತ್ತೆವ್ವ


ಸವಣೂರ
೨ ಮೇ ೧೯೮೨

ಗುತ್ತೆವ್ವ,

ನಿನ್ನ ಪತ್ರ ಓದಿದ ದಿನ ಕೋರ್ಟಿಗೆ ಹೋಗಲಾಗಲಿಲ್ಲ. ಉತ್ತರವಾಗಿ ಎರಡು ಪತ್ರ ಬರೆದು ಹರಿದೆ. ಎರಡರಲ್ಲೂ ನಾನು ವಾದ ಮಾಡುತ್ತಿದ್ದೆ. ವಕೀಲರು ಕಕ್ಷಿದಾರರನ್ನು ಆರಿಸಿಕೊಳ್ಳುವುದಿಲ್ಲ, ಸೀನಿಯರ್ ಕಳಿಸಿದಲ್ಲಿಗೆ ಜೂನಿಯರ್ ಹೋಗಬೇಕು, ಇಂಥವು. ಎಲ್ಲ ನಿಜವೇ. ಆದರೆ ಮೂರು ವರ್ಷದಿಂದ ನಾನು ಹೆಚ್ಚಾಗಿ ನಿಂತದ್ದು ಶಾಲೆ ನಡೆಸುವವರ ಪರವಾಗಿ, ತೆಗೆದುಹಾಕಿಸಿಕೊಂಡವರ ಎದುರಿಗೆ. ನಿನಗೆ ಬರೆಯುವಾಗ ಅದನ್ನು ಬಿಟ್ಟು ಬರೆದೆ. ಸಿದ್ದವ್ವನ ಫೈಲು ಕೈಗೆ ಬಂದಾಗ, ಇವಳೇ ನೀನು ಬರೆದ ಹುಡುಗಿ ಇರಬಹುದೇ ಎಂದು ಯೋಚಿಸಲೂ ಇಲ್ಲ.

ಬೆಂಗಳೂರು ಬಿಟ್ಟು ಅವ್ವನ ಹತ್ತಿರ ಬಂದೆ. ಅವಳಿಗೆ ಎಲ್ಲ ಹೇಳಿದೆ. ಎಲೆಗೆ ಸುಣ್ಣ ಸವರುತ್ತ ಕೇಳಿದಳು. ಕೊನೆಗೆ, "ಆ ಹುಡುಗಿ ಹೆಸರಿಲೆ ನೀ ಹೇಳಿದ್ದು ನನ್ನ ಕಥಿ ಅಲ್ಲೇನು?" ಅಂದಳು. "ಆಕೀದು ಬ್ಯಾರೆ ಇತ್ತು. ನೀ ಕೇಳಲೇ ಇಲ್ಲ." ನನ್ನ ಅವ್ವ ಯಮುನಾಬಾಯಿ ನಾಲ್ಕನೇ ಇಯತ್ತೆಗೆ ಬಿಟ್ಟವಳು ಎಂದು ಊರಿಗೆಲ್ಲ ಭಾಷಣ ಮಾಡುತ್ತಿದ್ದವಳು ನಾನು.

ಮೊನ್ನೆ ಹಾನಗಲ್ಲಿಗೆ ಹೋಗಿದ್ದೆ. ಗುದ್ಲೆಪ್ಪನ ಹಳ್ಳಿಗೆ ಅಲ್ಲಿಂದ ಟೆಂಪೊ. ಅವನು ಕಣದಲ್ಲಿದ್ದ. ನಾನು ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದು, ಹೆಗಲ ಮೇಲಿನ ಟವೆಲ್ಲು ತೆಗೆದು ಕಟ್ಟೆ ಝಾಡಿಸಿ, "ಕುಂದರ್ರಿ," ಅಂದ. ಅವನ ಹೆಂಡತಿ ಚಹಾ ತಂದಳು. ಎರಡು ವರ್ಷದೊಳಗಿನ ಮಗಳಿದ್ದಾಳೆ.

"ನಿಮ್ಮ ಬಗ್ಗೆ ಗೊತ್ತಿಲ್ಲದ ಮಾತಾಡಿದೆ. ತಪ್ಪಾತ್ರಿ," ಎಂದೆ.

ಅವನು ಟವೆಲ್ಲನ್ನು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ: "ಕೇಸು ಗೆಲ್ಲಾಕ ಆ ಮಾತು ಬೇಕಾಗಿತ್ತೇನ್ರಿ?"

"ಇಲ್ಲ. ಕಾಯಿದೆ ನಮ್ಮ ಕಡೇನ ಇತ್ತು. ಬೇಕಾಗಿರಲಿಲ್ಲ."

"ಬೇಕಾಗಿತ್ತು ಅಂದಿದ್ರ ಚಲೋ ಆಗತಿತ್ತು ನೋಡ್ರಿ. ಆಕಿ ಸಲುವಾಗಿ ತಡಕೊಂಡೆ ಅಂತ ತಿಳಕೊತಿದ್ನಿ."

ಚಹಾ ಆರಿಹೋಯಿತು. ಹೊರಡುವಾಗ ಅವನು ಟೆಂಪೊ ನಿಲ್ಲುವ ಜಾಗದವರೆಗೆ ಬಂದ. "ಆಕಿ ಪಾಸಾದ್ಲಂತ ಗೊತ್ತಾದ ದಿನ ಪೇಢೆ ತಗೊಂಡು ಹೋಗೂಣಂತ ಹಾನಗಲ್ಲಿಗೆ ಬಂದಿದ್ನಿರಿ. ಅಂಗಡಿ ಮುಂದ ನಿಂತು ವಾಪಸ್ ಬಂದೆ. ಅಲ್ಲೂ ಯಾರರ ಓದಿ ತೋರಿಸ್ತಾರೋ ಏನೋ ಅಂತ," ಅಂದ. ತಿಪ್ಪವ್ವನಿಗೆ ಇದನ್ನು ಹೇಳಬೇಕೋ ಬೇಡವೋ ನೀನೇ ನೋಡು. ಅವನು ಹೇಳು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ನಿನ್ನನ್ನು ತೆಗೆದದ್ದರ ಮೇಲೆ ಅಪೀಲು ಹಾಕಲು ಮೂರು ತಿಂಗಳ ಗಡುವಿತ್ತು, ನಾಲ್ಕು ವರ್ಷವಾಗಿದೆ. ಆದರೂ ತಡವಾದ ಕಾರಣ ವಿವರಿಸಿ ಹಾಕಿ ನೋಡಬಹುದು. ನನಗೆ ವಕಾಲತ್ತು ಕೊಡು.

ಗೋಪಿಕಾ


ಮಾವಿನಹಕ್ಕಲ
೩೦ ಮೇ ೧೯೮೨

ಗೋಪಿಕಾ,

ವಕಾಲತ್ತು ಕೊಡುವುದಿಲ್ಲ.

ನೀನು ಹಾನಗಲ್ಲಿಗೆ ಹೋಗಿ ಬಂದದ್ದು ಒಳ್ಳೆಯದೇ. ಆದರೆ ಅದರಿಂದ ನಿನಗೆ ಹಗುರವಾಗಿರಬಹುದು, ಇಲ್ಲಿ ಯಾರಿಗೂ ಏನೂ ಆಗಿಲ್ಲ. ತಿಪ್ಪವ್ವನಿಗೆ ಪೇಢೆಯ ಮಾತು ಹೇಳಿದೆ. ಬಾಲವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಬಡಿಸಿ ಮುಗಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಹೇಳಬಾರದಿತ್ತೋ ಏನೋ.

ಸವಣೂರಿನಲ್ಲೇ ಇರುತ್ತೇನೆ, ಇಲ್ಲೇ ಕೆಲಸ ಮಾಡುತ್ತೇನೆ ಎಂದೇನಾದರೂ ಯೋಚಿಸಿದ್ದರೆ, ನನ್ನ ಸಲುವಾಗಿ ಬೇಡ. ನನ್ನ ಸಲುವಾಗಿ ಬಂದವಳು ನನ್ನ ಸಿಟ್ಟು ಇಳಿದ ದಿನ ಹೊರಟು ಹೋಗುತ್ತೀಯ.

ಗುತ್ತೆವ್ವ


ಶಿಗ್ಗಾಂವ
೧೬ ಜನವರಿ ೧೯೮೩

ಗುತ್ತೆವ್ವ,

ಏಳು ತಿಂಗಳು ನಿನಗೆ ಬರೆಯಲಿಲ್ಲ. ಬರೆದರೆ ಮತ್ತೆ ಬೇಡಿಕೊಂಡ ಹಾಗಾಗುತ್ತಿತ್ತು.

ಶಿಗ್ಗಾಂವದಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಕಾಳಿನ ಅಡತಿ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದಿದ್ದೇನೆ. ಧಾರವಾಡಕ್ಕೆ ಹೋಗಿಬರಲು ಅನುಕೂಲ, ನಾಲ್ಕು ತಾಲೂಕಿನವರಿಗೂ ಇಲ್ಲಿಗೆ ಬರುವುದು ಅಷ್ಟು ಕಷ್ಟವಲ್ಲ. ಶಾಲೆಯ ವಿಷಯ ಇದ್ದವರು ಭಾನುವಾರ ಬರಬಹುದು, ಫೀ ಇಲ್ಲ ಎಂದು ಬೋರ್ಡು ಹಾಕಿದೆ. ಮೊದಲ ತಿಂಗಳು ಬಂದವರು ಅಡತಿ ಅಂಗಡಿ ಎಲ್ಲಿ ಎಂದು ಕೇಳುವವರೇ. ಮಂಜವ್ವ ಎಂಬ ಮುದುಕಿ ಮೊಮ್ಮಗನ ಟಿ.ಸಿ. ಕೊಡುತ್ತಿಲ್ಲವೆಂದು ಬಂದಳು. ಅದಕ್ಕೆ ಕೋರ್ಟು ಬೇಕಾಗಲಿಲ್ಲ, ಒಂದು ನೋಟೀಸು ಸಾಕಾಯಿತು. ಆಮೇಲೆ ಒಬ್ಬಿಬ್ಬರು ಬರತೊಡಗಿದರು. ಬೆಂಗಳೂರಿನ ಸೀನಿಯರ್ ಎರಡು ಸಲ ಕರೆಸಿ ವಾಪಸು ಬಾ ಎಂದು ಹೇಳಿದರು, ಮೂರನೇ ಸಲ ಹೇಳಲಿಲ್ಲ. ನನ್ನ ಮೇಜಿಗೆ ಬೇರೊಬ್ಬರು ಬಂದಿದ್ದಾರಂತೆ. ಸುಳ್ಳೇಕೆ, ಕೆಲವು ಸಂಜೆ ಹೆದ್ದಾರಿಯ ಬೆಂಗಳೂರು ಬಸ್ಸುಗಳನ್ನು ನೋಡುತ್ತ ಕೂಡುತ್ತೇನೆ.

ಸಿದ್ದವ್ವನದು ಹೇಳಬೇಕು. ತೀರ್ಪು ಅವಳ ವಿರುದ್ಧವಾಯಿತು, ನಿನಗೆ ಗೊತ್ತು. ಪ್ರತಿ ತರಿಸಿ ಓದಿದೆ. ಅದರಲ್ಲಿ ಎಷ್ಟೋ ಸಾಲುಗಳು ನನ್ನವೇ. ಈಗ ಅವಳ ಪರವಾಗಿ ನಾನು ನಿಲ್ಲುವಂತಿಲ್ಲ; ಎದುರು ಕಕ್ಷಿಗೆ ನಿಂತವಳು ಅದೇ ಕೇಸಿನಲ್ಲಿ ಈ ಕಡೆ ಬರಬಾರದು. ಅದು ಸರಿಯಾದ ನಿಯಮ. ಹಾಗಾಗಿ ಅವಳ ಮನೆಗೆ ಹೋಗಿ ನಾನು ಯಾರೆಂದು ಹೇಳಿದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, ಹೈಕೋರ್ಟಿನಲ್ಲಿ ಗುರುರಾಜ ಎಂಬ ವಕೀಲರಿದ್ದಾರೆ, ಶಿಕ್ಷಕರ ಕೇಸುಗಳನ್ನೇ ಹಿಡಿಯುತ್ತಾರೆ, ನಿಮ್ಮ ಧಾರವಾಡದ ವಕೀಲರಿಂದ ಅವರಿಗೆ ಬರೆಸಿರಿ ಎಂದು ವಿಳಾಸ ಕೊಟ್ಟು ಬಂದೆ. ಚೀಟಿ ಇಸಿದುಕೊಂಡಳು. ಕೇಸು ದಾಖಲಾಗಿದೆಯಂತೆ. ಏನಾಗುತ್ತದೋ ಗೊತ್ತಿಲ್ಲ.

ನಿನ್ನ ಬಗ್ಗೆ ಏನೂ ಕೇಳುವುದಿಲ್ಲ. ಖೋಲಿಯ ವಿಳಾಸ ಮೇಲಿದೆ.

ಗೋಪಿಕಾ


ಮಾವಿನಹಕ್ಕಲ
೧ ಫೆಬ್ರುವರಿ ೧೯೮೩

ಗೋಪಿ,

ಸಿದ್ದವ್ವ ಬಂದಿದ್ದಳು. ನೀನು ಬಾಗಿಲಲ್ಲಿ ನಿಂತದ್ದನ್ನು ಹೇಳಿದಳು. "ಒಳಗ ಕರೀಲಿಲ್ರಿ, ಮನಸ್ಸಾಗಲಿಲ್ಲ," ಅಂದಳು. ಸರಿ ಮಾಡಿದೆ ಎಂದೆ. ಅವಳು ಈಗಲೂ ರಾತ್ರಿ ಎದ್ದು ಕುಳಿತು, ಅರ್ಜಿ ಬರೆದು ಕೊಡಬೇಕಿತ್ತು, ಕೊಡಬೇಕಿತ್ತು ಅನ್ನುತ್ತಾಳಂತೆ. ಇದು ನಿನಗೆ ಗೊತ್ತಿರಲಿ.

ತಿಪ್ಪವ್ವನೂ ಅವತ್ತು ಇಲ್ಲೇ ಇದ್ದಳು. ಎಲ್ಲ ಕೇಳಿ, ಸಿದ್ದವ್ವ ಹೋದ ಮೇಲೆ ನನ್ನ ಎದುರಿಗೆ ಕುಳಿತಳು.

"ಅಕ್ಕಾರ, ಅವತ್ತು ನನಗ ಕೋರ್ಟಿಗೆ ನಡಿ ಅಂದ್ರಿ. ನಾ ಬಂದೆ. ನೀವ್ಯಾಕ ಹೋಗವಲ್ರಿ?"

"ತಡಾ ಆಗೇತಿ ತಿಪ್ಪವ್ವ. ಗೆಲ್ಲಂಗಿಲ್ಲ."

"ಗೆದ್ದು ನನಗೇನಾತು ಅನ್ನೂದು ನಿಮಗ ಗೊತ್ತೈತಿ. ಆದ್ರೂ ಆ ವರ್ಷ ನಾ ಒಳಗ ಕುಂತು ಬರದ್ನಿ. ಅದನ್ನ ಯಾರೂ ತಗೊಳ್ಳಾಕ ಆಗಿಲ್ಲ." ಸ್ವಲ್ಪ ತಡೆದು ಅಂದಳು, "ನಿಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ಕಲಿಯೂ ಹುಡಿಗ್ಯಾರಿಗೆ, ನಿಮ್ಮನ್ನ ಸಾಲಿಯಿಂದ ಯಾಕ ತಗದ್ರು ಅಂತ ಗೊತ್ತಿಲ್ರಿ. ಏನೋ ತಪ್ಪು ಮಾಡಿರಬೇಕು ಅಂದ್ಕೊಂಡಾರ."

ಆ ಮಾತು ನನಗೆ ಗೊತ್ತಿರಲಿಲ್ಲ. ಐದು ವರ್ಷ ನಾನು ಸುಮ್ಮನಿದ್ದದ್ದನ್ನು ದೊಡ್ಡತನ ಎಂದುಕೊಂಡಿದ್ದೆ. ಆ ಸುಮ್ಮನಿರುವಿಕೆಯಲ್ಲಿ ಚೇರ್ಮನ್ನರ ಮಾತೇ ಉಳಿದುಕೊಂಡಿದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾಲ್ಕು ಮಂದಿ ಬರುತ್ತೇವೆ. ಒಬ್ಬ ಡ್ರಾಯಿಂಗ್ ಮಾಸ್ತರರು. ಹಾನಗಲ್ಲ ಕಡೆಯ ಕರೆವ್ವ, ಮಗಳನ್ನು ಎಂಟನೇ ತರಗತಿಗೆ ಸೇರಿಸಿಕೊಳ್ಳುತ್ತಿಲ್ಲ. ಖತೀಜಾಬಿ ಎಂಬ ಶಿಕ್ಷಕಿ, ಅವಳದನ್ನು ಅವಳೇ ಹೇಳುತ್ತಾಳೆ. ನಾಲ್ಕನೆಯವಳು ನಾನು.

ಗೆಳತಿಯಾಗಿ ಬರುತ್ತಿಲ್ಲ. ಹೊರಗೆ ಉಳಿದವರ ಜೊತೆ ಪಾಳಿಯಲ್ಲಿ ಕೂಡುತ್ತೇನೆ, ಮೊದಲು ಕರೆಯಬೇಡ. ನನ್ನ ಪಾಳಿ ಬಂದಾಗ, ನಾನು ಹೇಳಿ ಮುಗಿಸುವವರೆಗೆ ನೀನು ಒಂದು ಮಾತೂ ಆಡಬೇಡ. ಮುಗಿದ ಮೇಲೆ, ನಿನಗೆ ತಿಳಿಯದ್ದು ಏನಿದೆಯೋ ಅದನ್ನು ಮಾತ್ರ ಕೇಳು.

ಗುತ್ತಿ